ಕ್ಯಾಸೆಟ್ಟಿನ ಎರಡು ಬದಿ

ಸಂಗೀತಾಸಕ್ತರ ಸಣ್ಣ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಅಂದು ನಡುನಡುವೆ ಹಾಡುಗಳನ್ನು ಕೇಳಿಸಿದ್ದೆ. ಬರಹದಲ್ಲಿ ಅದು ಸಾಧ್ಯವಿಲ್ಲದ್ದರಿಂದ ಆ ಕಡೆಗಳಲ್ಲಿ ನಾದವನ್ನು ಮಾತಿನಲ್ಲೇ ವಿವರಿಸಲು ಪ್ರಯತ್ನಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ನನ್ನ ಮಾತನ್ನು ಒಂದು ಕ್ಯಾಸೆಟ್ಟಿನಿಂದ ಶುರು ಮಾಡುತ್ತೇನೆ. 1996ರಲ್ಲಿ ನಾನು ಬೆಂಗಳೂರಿನ ಹಾಸ್ಟೆಲ್ಲೊಂದರಲ್ಲಿದ್ದು ಓದುತ್ತಿದ್ದಾಗ, ನನಗಿಂತ ಎರಡು ವರ್ಷ ಮುಂದಿದ್ದ ಗೆಳೆಯರೊಬ್ಬರು ತಮ್ಮ ಅಣ್ಣ ಜರ್ಮನಿಯಿಂದ ತಂದಿದ್ದ ಎರಡು ಸಿ.ಡಿ.ಗಳನ್ನು ರೆಕಾರ್ಡಿಂಗ್ ಅಂಗಡಿಗೆ ಕೊಟ್ಟು, 90 ನಿಮಿಷದ ಖಾಲಿ ಕ್ಯಾಸೆಟ್ಟೊಂದಕ್ಕೆ ತುಂಬಿಸಿಕೊಂಡು ಬಂದರು. ಅಂಗಡಿಯವರು ಮೇಲಿನ ಚೀಟಿಯಲ್ಲಿ ನೀಲಿ ಬಾಲ್‌ಪೆನ್ನಿನಿಂದ ‘ಹೆಲೋವೀನ್’ ಎಂದಷ್ಟೇ ಬರೆದಿದ್ದರು; ಅದು ಜರ್ಮನಿಯ ಹೆವಿ ಮೆಟಲ್ ತಂಡವೊಂದರ ಹೆಸರು. ಹಾಡುಗಳ ಹೆಸರಾಗಲಿ, ಆಲ್ಬಮ್ಮಿನ ಹೆಸರಾಗಲಿ, ಇಸವಿಯಾಗಲಿ ಅದರಲ್ಲಿರಲಿಲ್ಲ. ಮೊದಲ ಬದಿಯಲ್ಲಿ ಎರಡು ಕಾಲಲ್ಲೂ ಓಡುವ ಡ್ರಮ್ಸು, ಒಂದರ ಭುಜಕ್ಕೆ ಇನ್ನೊಂದು ತಾಗಿಕೊಂಡು ಏರುವ ಎರಡು ಗಿಟಾರು, ತಾರಸ್ಥಾಯಿಯಲ್ಲಿ ಎಲ್ಲೂ ಬಿರುಕು ಬಿಡದ ಒಂದು ಕಂಠ. ಆ ಬದಿಯ ಕಡೆಯ ಹಾಡು 13 ನಿಮಿಷಕ್ಕೂ ಹೆಚ್ಚು ಉದ್ದದ್ದು, ಟೇಪಿಗೆ ಅಷ್ಟು ಜಾಗವಿರಲಿಲ್ಲ. ಹಾಡು ಮುಗಿಯುವ ಮೊದಲೇ ಗುಂಡಿ ಟಕ್ಕೆಂದು ಮೇಲೆದ್ದು ಕೋಣೆ ನಿಶ್ಶಬ್ದವಾಯಿತು. ಕ್ಯಾಸೆಟ್ಟನ್ನು ಮಗುಚಿ ಹಾಕಿದೆ. ಎರಡನೆಯ ಬದಿಯಲ್ಲಿ ಕಂಠ ಅದೇ ಆಗಿತ್ತು, ಅದರ ಸುತ್ತ ಇದ್ದುದೆಲ್ಲ ಬೇರೆಯಾಗಿತ್ತು: ತುತ್ತೂರಿಗಳು, ಮೆಲ್ಲಗೆ ಮೀಟಿದ ಅಕೂಸ್ಟಿಕ್ ಗಿಟಾರು, ಅವಸರವೇ ಇಲ್ಲದ ನಡೆ. ಗಾಯಕರು ತಂಡ ಬಿಟ್ಟು ಬೇರೆಯವರ ಜೊತೆ ಹಾಡಿದ್ದಿರಬೇಕೆಂದು ನಾನು ತಿಂಗಳುಗಟ್ಟಲೆ ನಂಬಿದ್ದೆ.

ಮೊದಲ ಬದಿಯಲ್ಲಿದ್ದದ್ದು 1988ರ ‘ಕೀಪರ್ ಆಫ್ ದಿ ಸೆವೆನ್ ಕೀಸ್’ ಎರಡನೆಯ ಭಾಗ, ಎರಡನೆಯ ಬದಿಯಲ್ಲಿದ್ದದ್ದು 1993ರ ‘ಕಮೀಲಿಯನ್’ ಎಂದು ತಿಳಿದದ್ದು ಆಮೇಲೆ. ಆ ಎರಡನೆಯ ಆಲ್ಬಮ್ ಹೊರಬಂದಾಗ ಯುರೋಪಿನ ಅಭಿಮಾನಿಗಳು ಎಷ್ಟು ನೊಂದುಕೊಂಡರು, ಎಷ್ಟು ಸಿಟ್ಟಾದರು ಎಂಬುದನ್ನು ಓದಿದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು, ಏಕೆಂದರೆ ಅದೇ ಎರಡು ಆಲ್ಬಮ್‌ಗಳನ್ನು ಒಂದೇ ಸಂಜೆ ಕೇಳಿದ್ದ ನನಗೆ ಗೊಂದಲವಾಗಿತ್ತೇ ಹೊರತು ಸಿಟ್ಟು ಬಂದಿರಲಿಲ್ಲ. ಅವರು ಕೇಳಿದ್ದೂ ನಾನು ಕೇಳಿದ್ದೂ ಅದೇ ಸಂಗೀತ. ಆದರೂ ಅವರಿಗೆ ನೋವಾಯಿತು, ನನಗೆ ಆಗಲಿಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದನ್ನು ಬಹಳ ವರ್ಷಗಳಿಂದ ಯೋಚಿಸುತ್ತ ಬಂದಿದ್ದೇನೆ. ಇಂದಿನ ಮಾತು ಅದರ ಬಗ್ಗೆ.

ಪರಿಚಯವಿಲ್ಲದವರಿಗಾಗಿ ಮೊದಲು ನಾಲ್ಕು ಮಾತು. ಹೆಲೋವೀನ್ ತಂಡ ಹುಟ್ಟಿದ್ದು 1984ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ. ಗಿಟಾರಿಗೆ ಕೈ ಹ್ಯಾನ್ಸನ್ ಮತ್ತು ಮಿಖಾಯೆಲ್ ವೈಕಾಟ್, ಬಾಸ್ ಗಿಟಾರಿಗೆ ಮಾರ್ಕುಸ್ ಗ್ರೋಸ್ಕಾಪ್ಫ್, ಡ್ರಮ್ಸಿಗೆ ಇಂಗೊ ಶ್ವಿಖ್ಟೆನ್‌ಬರ್ಗ್. 1985ರ ಮೊದಲ ಪೂರ್ಣ ಆಲ್ಬಮ್ ‘ವಾಲ್ಸ್ ಆಫ್ ಜೆರಿಕೋ’ದಲ್ಲಿ ಹಾಡಿದವರೂ ಹ್ಯಾನ್ಸನ್ ಅವರೇ. ಆ ಆಲ್ಬಮ್ಮಿನ ವೇಗ ವಿಪರೀತ, ಹಾಡುಗಾರಿಕೆ ಒರಟು, ಅಂಚುಗಳನ್ನು ಯಾರೂ ಉಜ್ಜಿ ನಯ ಮಾಡಿರಲಿಲ್ಲ. ಗಿಟಾರ್ ನುಡಿಸುತ್ತಲೇ ಹಾಡುವುದು ಹ್ಯಾನ್ಸನ್ ಅವರಿಗೆ ಕಷ್ಟವಾಗುತ್ತಿದ್ದುದರಿಂದ ತಂಡ ಬೇರೊಬ್ಬ ಗಾಯಕರನ್ನು ಹುಡುಕಿತು. ಸಿಕ್ಕವರು 18ರ ಹರೆಯದ ಮಿಖಾಯೆಲ್ ಕಿಸ್ಕೆ. 1987 ಮತ್ತು 1988ರಲ್ಲಿ ಬಂದ ‘ಕೀಪರ್’ನ ಎರಡು ಭಾಗಗಳಲ್ಲಿ ಅವರ ಕಂಠಕ್ಕೆ ತಕ್ಕಂತೆ ಹಾಡುಗಳೂ ಬದಲಾದವು. ವೇಗ ಉಳಿಯಿತು, ಒರಟುತನ ಹೋಯಿತು, ಎಲ್ಲರೂ ಒಟ್ಟಿಗೆ ಹಾಡಬಹುದಾದ ಹಿಗ್ಗಿನ ಪಲ್ಲವಿಗಳು ಬಂದವು. ಹೆವಿ ಮೆಟಲ್ ಸಂಗೀತದಲ್ಲಿ ಇಂದು ನಾವು ಪವರ್ ಮೆಟಲ್ ಎಂದು ಕರೆಯುವ, ವೇಗವೂ ಇಂಪೂ ಕೂಡಿದ ಬಗೆಯ ಅಡಿಪಾಯವನ್ನು ಬಹುಪಾಲು ಹಾಕಿಕೊಟ್ಟದ್ದು ಈ ಎರಡು ಆಲ್ಬಮ್‌ಗಳು. ಫಿನ್ಲೆಂಡ್, ಸ್ವೀಡನ್, ಇಟಲಿ, ಬ್ರೆಜಿಲ್ ದೇಶಗಳಲ್ಲಿ ಮುಂದಿನ ಹತ್ತು ವರ್ಷಗಳಲ್ಲಿ ಎದ್ದ ತಂಡಗಳು ಇವುಗಳ ಋಣವನ್ನು ಮುಚ್ಚಿಟ್ಟವರಲ್ಲ.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಮುಂದೆ ಅಭಿಮಾನಿಗಳು ‘ನಿಜವಾದ ಹೆಲೋವೀನ್’ ಎಂದು ಕಾಪಾಡಲು ಹೊರಟ ರೂಪವೇ ಒಂದು ಬದಲಾವಣೆಯ ಫಲವಾಗಿತ್ತು. ಹ್ಯಾನ್ಸನ್ ಹಾಡಿದ್ದೇ ಅಸಲಿ, ಕಿಸ್ಕೆ ಬಂದ ಮೇಲೆ ಎಲ್ಲವೂ ಮೆತ್ತಗಾಯಿತು ಎನ್ನುವ ಹಳಬರನ್ನು ಇಂದಿಗೂ ನೋಡಬಹುದು. ಅವರ ಸಂಖ್ಯೆ ಕಡಿಮೆ, ಏಕೆಂದರೆ ಆ ಬದಲಾವಣೆ ಗೆದ್ದಿತು. ಗೆದ್ದ ಬದಲಾವಣೆಯನ್ನು ಜನ ಬದಲಾವಣೆಯೆಂದು ನೆನಪಿಟ್ಟುಕೊಳ್ಳುವುದಿಲ್ಲ, ಅದೇ ಮೊದಲಿನಿಂದ ಇದ್ದದ್ದು ಎಂದುಕೊಳ್ಳುತ್ತಾರೆ. ಕರಾವಳಿಯಲ್ಲಿ ಮೇಳದ ಭಾಗವತರು ಬದಲಾದ ವರ್ಷ ಚೌಕಿಯ ಹೊರಗೆ ನಿಂತು ನಿಟ್ಟುಸಿರು ಬಿಡುವ ಹಿರಿಯರನ್ನು ಕಂಡವರಿಗೆ ಈ ಮಾತನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

‘ಕೀಪರ್’ ಎರಡನೆಯ ಭಾಗ ಬಂದು ಕೆಲವೇ ತಿಂಗಳಲ್ಲಿ ಕೈ ಹ್ಯಾನ್ಸನ್ ತಂಡ ಬಿಟ್ಟರು. ಅವರ ಜಾಗಕ್ಕೆ ರೋಲಾಂಡ್ ಗ್ರಾಪೋ ಬಂದರು. ನಾಯ್ಸ್ ಎಂಬ ಸಣ್ಣ ಧ್ವನಿಮುದ್ರಣ ಸಂಸ್ಥೆಯನ್ನು ಬಿಟ್ಟು ದೊಡ್ಡದಾದ ಇ.ಎಂ.ಐ. ಸಂಸ್ಥೆಯನ್ನು ಸೇರಿದ್ದರಿಂದ ಕೋರ್ಟು ಕಚೇರಿಯ ಜಗಳ ಎದ್ದು, ಯಶಸ್ಸಿನ ಮೆಟ್ಟಿಲ ಮೇಲೆ ನಿಂತಿದ್ದ ತಂಡ ಸುಮ್ಮನೆ ಕೂರಬೇಕಾಯಿತು. 1991ರಲ್ಲಿ ‘ಪಿಂಕ್ ಬಬಲ್ಸ್ ಗೋ ಏಪ್’ ಬಂತು. ಹೆಸರು ಕೇಳಿಯೇ ಕೆಲವರು ಹಿಂದೆ ಸರಿದರು. ‘ಕೀಪರ್’ನ ಹೊದಿಕೆಯ ಮೇಲಿದ್ದ ನಿಲುವಂಗಿಯ ನಿಗೂಢ ವ್ಯಕ್ತಿಯ ಬದಲು ಇಲ್ಲಿ ಮೀನು ಹಿಡಿದ ಮಹಿಳೆಯ ಛಾಯಾಚಿತ್ರವಿತ್ತು, ಅದನ್ನು ರೂಪಿಸಿದವರು ಪಿಂಕ್ ಫ್ಲಾಯ್ಡ್ ತಂಡದ ಹೊದಿಕೆಗಳಿಂದ ಹೆಸರಾದ ಸ್ಟಾರ್ಮ್ ಥಾರ್ಗರ್ಸನ್. ಚಿತ್ರವಾಗಿ ಅದು ಚೆನ್ನಾಗಿಯೇ ಇದೆ. ಮೂರು ವರ್ಷ ಕಾದು ಕುಳಿತ ಹುಡುಗನಿಗೆ ಮಾತ್ರ ಅದು ಅಪರಿಚಿತರ ಮನೆಯ ಬಾಗಿಲಂತೆ ಕಂಡಿರಬೇಕು. ಆ ಆಲ್ಬಮ್ಮಿನ ಬಗ್ಗೆ ಇಷ್ಟು ಸಾಕು; ನಿಜವಾದ ಬಿರುಕು ಬಿಟ್ಟದ್ದು ಅದರ ನಂತರ.

ಕಮೀಲಿಯನ್ ಎಂದರೆ ಗೋಸುಂಬೆ. ನಮ್ಮಲ್ಲಿ ಈ ಪದವನ್ನು ಯಾರೂ ಹೊಗಳಿಕೆಗೆ ಬಳಸುವುದಿಲ್ಲ. ಹೊತ್ತಿಗೊಂದು ಮಾತಾಡುವವರಿಗೆ, ಪಕ್ಷ ಬದಲಿಸುವವರಿಗೆ ಇಟ್ಟ ಹೆಸರದು. ಬಣ್ಣಬಣ್ಣದ ಸಂಗೀತ ಕೊಡುತ್ತಿದ್ದೇವೆ ಎಂಬುದು ತಂಡದವರ ಮನಸ್ಸಿನಲ್ಲಿದ್ದ ಅರ್ಥವಿರಬೇಕು. ಕೇಳುಗರಿಗೆ ತಾಗಿದ್ದು ಮಾತ್ರ ನಮ್ಮ ಗಾದೆಮಾತಿನ ಗೋಸುಂಬೆಯೇ.

ಆ ಆಲ್ಬಮ್ಮನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 71 ನಿಮಿಷ, 12 ಹಾಡು. ವೈಕಾಟ್ ನಾಲ್ಕು ಬರೆದರು, ಕಿಸ್ಕೆ ನಾಲ್ಕು ಬರೆದರು, ಗ್ರಾಪೋ ನಾಲ್ಕು ಬರೆದರು. ಪಾಲು ಮಾಡಿಕೊಂಡ ಅಣ್ಣತಮ್ಮಂದಿರ ಜಮೀನಿನಂತೆ ಲೆಕ್ಕ ಸರಿಯಾಗಿದೆ. ಒಬ್ಬರ ಹಾಡಿಗೂ ಇನ್ನೊಬ್ಬರ ಹಾಡಿಗೂ ಸಂಬಂಧವಿಲ್ಲ. ಕಿಸ್ಕೆ ಅವರ ಒಂದು ಹಾಡಿನಲ್ಲಿ ಹಿತ್ತಾಳೆ ವಾದ್ಯಗಳು ಹಬ್ಬದ ಮೆರವಣಿಗೆಯಂತೆ ಏಳುತ್ತವೆ. ಅವರದೇ ಇನ್ನೊಂದು ಒಂಬತ್ತು ನಿಮಿಷ ದಾಟುತ್ತದೆ. ವೈಕಾಟ್ ಅವರ ಒಂದು ಹಾಡು ಜೋಗುಳದಷ್ಟು ಮೆಲುವಾಗಿದೆ. ಗ್ರಾಪೋ ಅವರದು ಬ್ಲೂಸ್ ಕಡೆಗೆ ವಾಲುತ್ತದೆ. ಬಿಡಿಬಿಡಿಯಾಗಿ ಕೇಳಿದರೆ ಇವುಗಳಲ್ಲಿ ಅರ್ಧದಷ್ಟು ಒಳ್ಳೆಯ ಹಾಡುಗಳು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ. ‘ಜೈಂಟ್ಸ್’ ಎಂಬ ಹಾಡಿನಲ್ಲಂತೂ ಹಳೆಯ ಬಲವೂ ಹೊಸ ಭಾರವೂ ಕೂಡಿವೆ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಪಟ್ಟಿನಲ್ಲಿ ಕೇಳಿದಾಗ ಮೂರು ಕೋಣೆಗಳಲ್ಲಿ ಮೂವರು ಕದ ಹಾಕಿಕೊಂಡು ಕೆಲಸ ಮಾಡಿದ ಮನೆಯೊಳಗೆ ನಡೆದಂತೆ ಅನಿಸುತ್ತದೆ.

ಅಭಿಮಾನಿಗಳು ಅಂದು ಹೊರಿಸಿದ ಆರೋಪವೆಂದರೆ, ತಂಡ ದುಡ್ಡಿಗಾಗಿ, ದೊಡ್ಡ ಕಂಪನಿಗಾಗಿ, ಹೆಚ್ಚು ಜನರ ಮೆಚ್ಚುಗೆಗಾಗಿ ತನ್ನನ್ನು ಮಾರಿಕೊಂಡಿತು ಎಂಬುದು. ಈ ಆರೋಪ ನಿಲ್ಲುವುದಿಲ್ಲ. 1993ರಲ್ಲಿ ಮಾರುಕಟ್ಟೆ ಬಯಸುತ್ತಿದ್ದುದು ಅಮೆರಿಕದ ಸಿಯಾಟಲ್ ಕಡೆಯಿಂದ ಬಂದ ಒಣಗಿದ, ಕೆರಳಿದ, ಅಲಂಕಾರವಿಲ್ಲದ ಧ್ವನಿಯನ್ನು. ಹಿತ್ತಾಳೆ ವಾದ್ಯಗಳ ಮೇಳವನ್ನಾಗಲಿ ಒಂಬತ್ತು ನಿಮಿಷದ ಹಾಡನ್ನಾಗಲಿ ಆ ವರ್ಷ ಯಾರೂ ಕೇಳುತ್ತಿರಲಿಲ್ಲ. ಅದು ಆ ಮೂವರೂ ತಮಗೆ ಬೇಕಾದದ್ದನ್ನೇ ಮಾಡಿದ ಆಲ್ಬಮ್. ಮಾರಾಟದ ಲೆಕ್ಕಾಚಾರದಲ್ಲಿ ಅಷ್ಟು ಅಜಾಗರೂಕವಾದದ್ದು ಇನ್ನೊಂದಿರಲಾರದು. ಆಲ್ಬಮ್ ಸೋತಿತು, ಪ್ರವಾಸದಲ್ಲಿ ಜನ ತೆಳುವಾದರು, ಇ.ಎಂ.ಐ. ಕೈಬಿಟ್ಟಿತು, ಕಿಸ್ಕೆ ಅವರನ್ನು ತಂಡದಿಂದ ಹೊರಗೆ ಕಳುಹಿಸಲಾಯಿತು.

ಅಭಿಮಾನಿಯ ಸಿಟ್ಟಿನ ಬೇರು ಸಂಗೀತದಲ್ಲಿ ಎಷ್ಟಿದೆಯೋ ಅಷ್ಟೇ ಕಾಯುವಿಕೆಯಲ್ಲಿದೆ ಎಂಬ ಅಭಿಪ್ರಾಯಕ್ಕೆ ನಾನು ಬಂದದ್ದು ಇದನ್ನೆಲ್ಲ ಓದಿದ ಮೇಲೆ. ಹ್ಯಾಂಬರ್ಗಿನ ಹುಡುಗನೊಬ್ಬ 1988ರ ಬೇಸಿಗೆಯಲ್ಲಿ ‘ಕೀಪರ್’ ಕೊಂಡ ಎಂದುಕೊಳ್ಳಿ. ಮುಂದಿನ ಭಾಗ ಹೇಗಿದ್ದೀತು ಎಂದು ಅವನು ದಿನವೂ ಮನಸ್ಸಿನೊಳಗೆ ಕಟ್ಟುತ್ತ ಹೋದ. ಐದು ವರ್ಷ ಕಟ್ಟಿದ. ‘ಕಮೀಲಿಯನ್’ ಕೈಗೆ ಬಂದಾಗ ಅವನು ಅದನ್ನು ಹೋಲಿಸಿದ್ದು ತಾನೇ ಕಟ್ಟಿಕೊಂಡಿದ್ದ, ಯಾರೂ ಧ್ವನಿಮುದ್ರಿಸದ, ಅವನೊಬ್ಬನೇ ಕೇಳಿದ್ದ ಆಲ್ಬಮ್ಮಿನ ಜೊತೆಗೆ. ಆ ಹೋಲಿಕೆಯಲ್ಲಿ ಯಾವ ತಂಡವೂ ಗೆಲ್ಲಲಾರದು. ಬೆಂಗಳೂರಿನ ಹಾಸ್ಟೆಲ್ಲಿನಲ್ಲಿ ಕ್ಯಾಸೆಟ್ ಮಗುಚಿ ಹಾಕಿದ ನನಗೆ ಆ ಐದು ವರ್ಷಗಳಿರಲಿಲ್ಲ; ನಾನು ಕಾದದ್ದು ಐದು ಸೆಕೆಂಡು. ಆಗ ನಮ್ಮಲ್ಲಿ ಈ ಸಂಗೀತ ಕೇಳುತ್ತಿದ್ದ ಬಹುತೇಕರ ಸ್ಥಿತಿ ಇದೇ ಆಗಿತ್ತು. ಯಾವ ಆಲ್ಬಮ್ ಮೊದಲು, ಯಾವುದು ಆಮೇಲೆ ಎಂಬುದು ಯಾರ ಅಣ್ಣ ಯಾವಾಗ ಊರಿಗೆ ಬಂದರು ಎಂಬುದನ್ನು ಅವಲಂಬಿಸಿತ್ತು. ಕ್ರಮವೇ ಇಲ್ಲದೆ ಕೇಳಿದವರಿಗೆ ‘ದಾರಿ ತಪ್ಪಿದರು’ ಎನ್ನಲು ದಾರಿಯೇ ಗೊತ್ತಿರಲಿಲ್ಲ.

ಕಾಯುವಿಕೆ ಎಂದರೆ ಏನೆಂದು ನಮ್ಮ ಊರು ಇನ್ನೊಂದು ರೀತಿಯಲ್ಲಿ ಕಂಡಿತು. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ತಂಡ ಐರನ್ ಮೇಡನ್ ಭಾರತದಲ್ಲಿ ಮೊದಲ ಬಾರಿಗೆ ನುಡಿಸಿದಾಗ, ಆಗಿನ ತಮ್ಮ ಹೊಸ ಆಲ್ಬಮ್ಮಿನ ಹಾಡುಗಳನ್ನೂ ಹಾಡಿದರು. ನನ್ನ ಅಕ್ಕಪಕ್ಕದವರು ಹಳೆಯದಕ್ಕೂ ಹೊಸದಕ್ಕೂ ಒಂದೇ ಸಮನೆ ಕೂಗುತ್ತಿದ್ದರು. ಅಷ್ಟು ಕಾಲ ಅವರು ಕಾದದ್ದು ಇಂಥ ಆಲ್ಬಮ್ ಎಂದಲ್ಲ, ಆ ತಂಡ ಎದುರಿಗೆ ಬರಲಿ ಎಂದು. ಬಂದಿತ್ತು. ಅದಕ್ಕೇ ಅಲ್ಲಿ ದೂರುಗಳಿರಲಿಲ್ಲ.

ಮತ್ತೆ ಹ್ಯಾಂಬರ್ಗಿಗೆ. ಈ ಕಥೆಯಲ್ಲಿ ಅಭಿರುಚಿಯ ಮಾತಿಗೆ ಮೀರಿದ ಒಂದು ದುಃಖವಿದೆ. ಡ್ರಮ್ಸ್ ವಾದಕ ಇಂಗೊ ಶ್ವಿಖ್ಟೆನ್‌ಬರ್ಗ್ ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ‘ಕಮೀಲಿಯನ್’ ಪ್ರವಾಸದ ಹೊತ್ತಿಗೆ ಅದು ಮೀರಿ, 1993ರಲ್ಲಿ ಅವರು ತಂಡದಿಂದ ಹೊರಗಾಗಬೇಕಾಯಿತು. 1995ರ ಮಾರ್ಚ್ 8ರಂದು, 29ನೆಯ ವಯಸ್ಸಿನಲ್ಲಿ, ಹ್ಯಾಂಬರ್ಗಿನಲ್ಲೇ ಅವರು ತಮ್ಮ ಪ್ರಾಣ ಕಳೆದುಕೊಂಡರು. ಆ ಆಲ್ಬಮ್ಮೇ ಅವರನ್ನು ಮುರಿಯಿತು ಎಂದು ಹೇಳುವ ಅಭಿಮಾನಿಗಳಿದ್ದಾರೆ. ತಂಡ ಹಳೆಯ ದಾರಿಯಲ್ಲೇ ಇದ್ದಿದ್ದರೆ ಅವರು ಉಳಿಯುತ್ತಿದ್ದರು ಎಂಬ ಆ ಮಾತಿನಲ್ಲಿ ಪ್ರೀತಿಯಿದೆ, ಒಪ್ಪುತ್ತೇನೆ. ಆದರೆ ಅದನ್ನು ಹೇಳಬಾರದು. ಒಂದು ಆಲ್ಬಮ್ ಒಬ್ಬ ಮನುಷ್ಯನ ಕಾಯಿಲೆಗೆ ಕಾರಣವಾಗುವುದಿಲ್ಲ. ನಮಗೆ ಹಿಡಿಸದ ಸಂಗೀತದ ತಲೆಗೆ ಒಂದು ಸಾವನ್ನು ಕಟ್ಟುವುದು ಹೋದವರಿಗೂ ಅನ್ಯಾಯ, ಉಳಿದವರಿಗೂ ಅನ್ಯಾಯ.

ಅದೇ 1995ರಲ್ಲಿ ಕೈ ಹ್ಯಾನ್ಸನ್ ಅವರ ಹೊಸ ತಂಡ ಗಾಮಾ ರೇ ‘ಲ್ಯಾಂಡ್ ಆಫ್ ದಿ ಫ್ರೀ’ ಎಂಬ ಆಲ್ಬಮ್ ತಂದಿತು. ಅದರಲ್ಲಿ ಇಂಗೊ ಅವರ ನೆನಪಿಗೆ ಬರೆದ ಹಾಡೊಂದಿದೆ. ಇನ್ನೊಂದು ಹಾಡನ್ನು ಕಿಸ್ಕೆ ಅತಿಥಿಯಾಗಿ ಹಾಡಿದ್ದಾರೆ. ‘ಕೀಪರ್’ನ ಮೂರನೆಯ ಭಾಗ ಇದೇ ಎಂದು ಬಹಳ ಜನ ಅಂದರು, ಈಗಲೂ ಅನ್ನುತ್ತಾರೆ. ಕಾದವರ ಮನಸ್ಸಿನೊಳಗಿನ ಆಲ್ಬಮ್ ಕೊನೆಗೂ ಹೊರಬಂದಿತ್ತು, ಆದರೆ ಬೇರೆ ಹೆಸರಿನಲ್ಲಿ, ಬೇರೆ ಮನೆಯಿಂದ. ಅಭಿಮಾನಿಗಳು ಎರಡು ಮನೆಯವರಾದರು. ಹೆಸರು ಎಲ್ಲಿದೆಯೋ ಅಲ್ಲಿ ನಿಂತವರು ಕೆಲವರು. ನಾದ ಎಲ್ಲಿದೆಯೋ ಅಲ್ಲಿಗೆ ಹೋದವರು ಕೆಲವರು.

ಹೆಸರಿರುವ ಮನೆಗೆ ಆಗ ಬಂದಿದ್ದವರು ಆಂಡಿ ಡೆರಿಸ್. ಪಿಂಕ್ ಕ್ರೀಮ್ 69 ಎಂಬ ಹಾರ್ಡ್ ರಾಕ್ ತಂಡದಲ್ಲಿ ಹಾಡುತ್ತಿದ್ದ ಅವರ ಕಂಠ ಕಿಸ್ಕೆ ಅವರದ್ದರಂತೆ ಆಕಾಶದಲ್ಲಿ ತೇಲುವಂಥದ್ದಲ್ಲ. ಸ್ವಲ್ಪ ಗೊಗ್ಗರು, ಸ್ವಲ್ಪ ತುಂಟ, ನೆಲದ ಮೇಲೆ ನಿಂತದ್ದು. ಡ್ರಮ್ಸಿಗೆ ಊಲಿ ಕುಶ್ ಬಂದರು. 1994ರ ‘ಮಾಸ್ಟರ್ ಆಫ್ ದಿ ರಿಂಗ್ಸ್’ನಲ್ಲಿ ವೇಗ ಮರಳಿತು. 1996ರ ‘ದಿ ಟೈಮ್ ಆಫ್ ದಿ ಓತ್’ ಆಲ್ಬಮ್ಮನ್ನು ಇಂಗೊ ಅವರಿಗೆ ಅರ್ಪಿಸಲಾಯಿತು. ಕಿಸ್ಕೆ ಇಲ್ಲದ ಹೆಲೋವೀನ್ ಹೆಲೋವೀನೇ ಅಲ್ಲ ಎಂದವರು ಅಂದೂ ಇದ್ದರು, 20 ವರ್ಷ ಕಳೆದ ಮೇಲೂ ಇದ್ದರು. ಆದರೆ ಒಂದು ಹೊಸ ತಲೆಮಾರು ಡೆರಿಸ್ ಅವರ ಕಂಠದ ಮೂಲಕವೇ ಈ ತಂಡದೊಳಕ್ಕೆ ಕಾಲಿಟ್ಟಿತು. ಅವರ ಪಾಲಿಗೆ ಬಾಗಿಲು ತೆರೆದವರೇ ಡೆರಿಸ್. ಕಿಸ್ಕೆ ಆಮೇಲೆ ಸಿಕ್ಕ ಹಿರಿಯರು.

ಇಷ್ಟು ಹೊತ್ತು ನಾನು ಕಾದವರ ಸಿಟ್ಟನ್ನು ಹೊರಗೆ ನಿಂತು ವಿವರಿಸಿದೆ. ಇನ್ನು ನನ್ನದೇ ಸಿಟ್ಟಿನ ವಿಷಯ. 1998ರಲ್ಲಿ ‘ಬೆಟರ್ ದ್ಯಾನ್ ರಾ’ ಬಂದಾಗ ನಾನು ಅದನ್ನು ಬಿಡುಗಡೆಯಾದ ವರ್ಷವೇ ಕೇಳಿದೆ. ತಂಡ ನಡೆಯುತ್ತಿರುವಾಗ ಅದರ ಜೊತೆಜೊತೆಗೆ ನಡೆದದ್ದು ಅದೇ ಮೊದಲು. ಮುಂದಿನದಕ್ಕೆ ಎರಡು ವರ್ಷ ಕಾದೆ. ಆಗ ಕೆಲಸಕ್ಕೆ ಸೇರಿದ್ದೆ, ಸಂಬಳ ಬರುತ್ತಿತ್ತು. 2000ದ ಕೊನೆಯಲ್ಲಿ ‘ದಿ ಡಾರ್ಕ್ ರೈಡ್’ ಬಂದಾಗ ಪರದೇಶಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬರಿಂದ ಅಸಲಿ ಸಿ.ಡಿ.ಯನ್ನೇ ತರಿಸಿಕೊಂಡೆ. ಕೋಣೆಯ ದೀಪ ಆರಿಸಿ ಕೇಳಲು ಕುಳಿತೆ. ಗಿಟಾರಿನ ಶ್ರುತಿಯನ್ನು ಇಳಿಸಿದ್ದರು. ಹಾಡುಗಳು ಓಡುವ ಬದಲು ಭಾರವಾದ ಹೆಜ್ಜೆ ಹಾಕುತ್ತಿದ್ದವು. ನಿರ್ಮಾಪಕರಾದ ರಾಯ್ ಝೀ ಮತ್ತು ಚಾರ್ಲಿ ಬಾಯರ್‌ಫೈಂಡ್ ಸೇರಿ ಸಿದ್ಧಪಡಿಸಿದ ಆ ಧ್ವನಿ ದಪ್ಪವಾಗಿತ್ತು, ಕಪ್ಪಾಗಿತ್ತು. ನಗು ಎಂಬುದು ಅದರಲ್ಲಿ ಕಾಣುತ್ತಿರಲಿಲ್ಲ. ಒಂದೆರಡು ಹಾಡುಗಳಲ್ಲಿ ಹಳೆಯ ಹಿಗ್ಗು ಮಿಂಚಿ ಮರೆಯಾಯಿತು. ನಾನು ಸಿ.ಡಿ. ತೆಗೆದು ಡಬ್ಬಿಯೊಳಗಿಟ್ಟೆ. ವಾರದೊಳಗೆ ಅದನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟುಬಿಟ್ಟೆ. ಹ್ಯಾಂಬರ್ಗಿನ ಹುಡುಗನ ನೋವು ಏನೆಂದು ನನಗೆ ಗೊತ್ತಾದದ್ದು ಅಂದು.

ತಂಡದ ಒಳಗೂ ಇದೇ ಜಗಳ ನಡೆದಿತ್ತು. ವೈಕಾಟ್ ಅವರಿಗೆ ಆ ಕಪ್ಪು ದಾರಿ ಒಗ್ಗಿರಲಿಲ್ಲ ಎಂಬುದು ಗುಟ್ಟೇನಲ್ಲ. 2001ರಲ್ಲಿ ಗ್ರಾಪೋ ಮತ್ತು ಕುಶ್ ಇಬ್ಬರನ್ನೂ ಬಿಡಲಾಯಿತು. ಅವರು ಮಾಸ್ಟರ್‌ಪ್ಲಾನ್ ಎಂಬ ತಂಡ ಕಟ್ಟಿದರು, ಅಭಿಮಾನಿಗಳ ಮನೆ ಇನ್ನೊಮ್ಮೆ ಪಾಲಾಯಿತು.

ಸುಮಾರು ಹತ್ತು ವರ್ಷದ ಬಳಿಕ ಅದೇ ಚಿಕ್ಕಪ್ಪನ ಮಗನ ಕಾರಿನಲ್ಲಿ ಶಿರಾಡಿ ಘಾಟಿ ಇಳಿಯುತ್ತಿದ್ದಾಗ, ಮಳೆಯಲ್ಲಿ, ಅವನು ‘ದಿ ಡಾರ್ಕ್ ರೈಡ್’ ಹಾಕಿದ. ಅವನಿಗೆ ಹೆಲೋವೀನ್ ಎಂದರೆ ಅದೇ. ನಾನು ಕೊಟ್ಟ ಆ ಸಿ.ಡಿ.ಯಿಂದಲೇ ಅವನು ಶುರು ಮಾಡಿದ್ದ. ನಾನು ಯಾವುದಕ್ಕೂ ಕಾಯದೆ ಅದನ್ನು ಮೊದಲ ಬಾರಿಗೆ ಕೇಳಿದ್ದು ಆಗಲೇ. ಡೆರಿಸ್ ಅವರ ಕಂಠಕ್ಕೆ ಆ ಕತ್ತಲು ಎಷ್ಟು ಒಪ್ಪುತ್ತದೆ, ಇಳಿಸಿದ ಶ್ರುತಿಯ ಮೇಲೆ ಆ ಪಲ್ಲವಿಗಳು ಎಷ್ಟು ಎತ್ತರಕ್ಕೆ ಏಳುತ್ತವೆ ಎಂಬುದು ಅಂದು ಕಿವಿಗೆ ಬಿತ್ತು. ನನ್ನಂತೆ ಅದಕ್ಕೆ ಮರಳಿದವರು ಬಹಳ ಮಂದಿ. ಬಿಡುಗಡೆಯಾದಾಗ ಜಗಳ ಎಬ್ಬಿಸಿದ ಆ ಆಲ್ಬಮ್ಮನ್ನು ಇಂದು ಡೆರಿಸ್ ಕಾಲದ ಉತ್ತಮ ಕೃತಿಗಳಲ್ಲಿ ಒಂದೆಂದು ಹೇಳುವವರು ಸುಲಭವಾಗಿ ಸಿಗುತ್ತಾರೆ.

‘ಕಮೀಲಿಯನ್’ಗೆ ಇಂಥ ಮರುಜನ್ಮ ಪೂರ್ತಿಯಾಗಿ ಸಿಗಲಿಲ್ಲ. ಅದರ ಬಿಡಿ ಹಾಡುಗಳನ್ನು ಮೆಚ್ಚುವವರಿದ್ದಾರೆ, ಆಲ್ಬಮ್ಮಾಗಿ ಅಪ್ಪಿಕೊಂಡವರು ಕಡಿಮೆ. ಇದು ನನ್ನನ್ನು ಬಹಳ ಕಾಡಿದೆ, ಏಕೆಂದರೆ ಪ್ರಾಮಾಣಿಕತೆಯ ಅಳತೆಯಲ್ಲಿ ನೋಡಿದರೆ ‘ಕಮೀಲಿಯನ್’ ಗೆಲ್ಲಬೇಕಿತ್ತು. ಅದು ಕಾಲದ ಗಾಳಿಗೆ ಎದುರಾಗಿ ಹೋದದ್ದು. ‘ದಿ ಡಾರ್ಕ್ ರೈಡ್’ನ ಇಳಿದ ಶ್ರುತಿಯಲ್ಲಿ 2000ದ ಸುಮಾರಿನ ಅಮೆರಿಕದ ಭಾರದ ಧ್ವನಿಯ ನೆರಳಿದೆ. ಕಲಾವಿದರು ಪ್ರಾಮಾಣಿಕರಾಗಿದ್ದರೆ ಯಾವ ಬದಲಾವಣೆಯನ್ನೂ ಒಪ್ಪುತ್ತೇವೆ ಎಂದು ನಾವು ಅಭಿಮಾನಿಗಳು ಹೇಳಿಕೊಳ್ಳುತ್ತೇವೆ. ಈ ಎರಡು ಆಲ್ಬಮ್‌ಗಳ ಹಣೆಬರಹ ಅದನ್ನು ಸುಳ್ಳು ಮಾಡಿದೆ. ನಮ್ಮ ಕಿವಿ ಹುಡುಕುವುದು ಬೇರೆಯದನ್ನು ಎಂದು ನನಗೆ ತೋರುತ್ತದೆ: ಇವರು ಒಟ್ಟಿಗೆ ಇದ್ದಾರೆಯೇ ಎಂಬುದನ್ನು. ‘ದಿ ಡಾರ್ಕ್ ರೈಡ್’ ಮುಗಿದ ಮರುವರ್ಷ ತಂಡ ಒಡೆದರೂ, ಆ ಆಲ್ಬಮ್ಮಿನೊಳಗೆ ಐದು ಜನ ಒಂದೇ ಕೋಣೆಯಲ್ಲಿ ಒಂದೇ ಭಾರವನ್ನು ಎತ್ತುತ್ತಿದ್ದಾರೆ ಎನ್ನಿಸುತ್ತದೆ. ‘ಕಮೀಲಿಯನ್’ನಲ್ಲಿ ಹಾಗೆ ಅನಿಸುವುದಿಲ್ಲ. ತಂಡ ಎಂಬ ಪದಕ್ಕೆ ಕೇಳುಗ ಕೊಡುವ ಬೆಲೆ ಅಷ್ಟು ದೊಡ್ಡದು.

ಉಪನ್ಯಾಸದ ಈ ಹಂತದಲ್ಲಿ ಸಭಿಕರೊಬ್ಬರು ಕೈಯೆತ್ತಿದರು. ಹಾಗಾದರೆ ಹಳೆಯದನ್ನೇ ಮತ್ತೆ ಕೊಟ್ಟರೆ ಅಭಿಮಾನಿಗಳಿಗೆ ಸಮಾಧಾನವಾಗುತ್ತದೆಯೇ ಎಂದು ಕೇಳಿದರು. ಅದನ್ನೂ ಈ ತಂಡ ಮಾಡಿ ನೋಡಿದೆ. 2005ರಲ್ಲಿ ‘ಕೀಪರ್ ಆಫ್ ದಿ ಸೆವೆನ್ ಕೀಸ್: ದಿ ಲೆಗಸಿ’ ಎಂದು ಹೆಸರಿಟ್ಟು ಎರಡು ಡಿಸ್ಕಿನ ಆಲ್ಬಮ್ ತಂದರು. ಹತ್ತು ನಿಮಿಷ ಮೀರುವ ಎರಡು ಹಾಡುಗಳಿದ್ದವು, ವೇಗವಿತ್ತು, ಎತ್ತರದ ಪಲ್ಲವಿಗಳಿದ್ದವು. ಸಂಗೀತ ಬಹುಮಂದಿಗೆ ಹಿಡಿಸಿತು, ಹೆಸರಿಗೆ ಮಾತ್ರ ಆಕ್ಷೇಪ ಎದ್ದಿತು. ಹ್ಯಾನ್ಸನ್ ಇಲ್ಲ, ಕಿಸ್ಕೆ ಇಲ್ಲ, ಇಂಗೊ ಇಲ್ಲ, ಆ ಹೆಸರನ್ನು ಮುಟ್ಟಲು ನಿಮಗೇನು ಹಕ್ಕು ಎಂದು ಕೇಳಿದರು. 2010ರಲ್ಲಿ ‘ಅನ್‌ಆರ್ಮ್ಡ್’ ಎಂಬ ಆಲ್ಬಮ್ಮಿನಲ್ಲಿ ಹಳೆಯ ಹಾಡುಗಳನ್ನೇ ವಾದ್ಯವೃಂದ, ಸ್ಯಾಕ್ಸೊಫೋನು, ಅಕೂಸ್ಟಿಕ್ ಗಿಟಾರುಗಳಿಗೆ ಅಳವಡಿಸಿ ಹಾಡಿದಾಗಲೂ ಬಹಳ ಜನ ಮುಖ ತಿರುಗಿಸಿದರು. ಅದೇ ವರ್ಷ ಅಕ್ಟೋಬರ್ 31ರಂದು ಬಂದ ‘7 ಸಿನ್ನರ್ಸ್’ನ ಗಡಸು ಧ್ವನಿಗೆ ಅವರೇ ಮರಳಿ ಬಂದರು. ಹೆಸರು ಮಾತ್ರ ಹಳೆಯದಾದರೂ ಸಿಟ್ಟು, ಹಾಡು ಮಾತ್ರ ಹಳೆಯದಾದರೂ ಸಿಟ್ಟು.

ಇನ್ನೊಬ್ಬರು, ನನಗಿಂತ ಕಿರಿಯರು, ಅಭಿಮಾನಿಗೆ ಸಿಟ್ಟಾಗುವ ಹಕ್ಕೇ ಇಲ್ಲವೇ ಎಂದು ಕೇಳಿದರು. ಖಂಡಿತ ಇದೆ. ವರ್ಷಗಟ್ಟಲೆ ಒಂದು ಸಂಗೀತವನ್ನು ಎದೆಯೊಳಗೆ ಇಟ್ಟುಕೊಂಡವರು ಅದು ಮುರಿದಾಗ ನೋಯದಿದ್ದರೆ ಇಟ್ಟುಕೊಂಡದ್ದಕ್ಕೆ ಅರ್ಥವೇನು? ನನ್ನ ವಿನಂತಿ ಇಷ್ಟೇ. ‘ಈ ಹಾಡು ನನಗೆ ಹಿಡಿಸಲಿಲ್ಲ’ ಎಂಬುದು ನಮ್ಮ ಕಿವಿಯ ಸತ್ಯ. ಅದನ್ನು ಎಷ್ಟು ಜೋರಾಗಿ ಬೇಕಾದರೂ ಹೇಳೋಣ. ‘ಇವರು ಮಾರಿಕೊಂಡರು’ ಎಂಬುದು ಇನ್ನೊಬ್ಬರ ಮನಸ್ಸಿನ ಬಗ್ಗೆ ಕೊಡುವ ತೀರ್ಪು. ಅದನ್ನು ಕೊಡುವ ಮೊದಲು ‘ಕಮೀಲಿಯನ್’ ನೆನಪಾಗಲಿ.

ಕಡೆಗೆ ಆದದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ. ತಂಡ ಬಿಟ್ಟ ಮೇಲೆ ಕಿಸ್ಕೆ ಮೆಟಲ್ ಲೋಕದ ಬಗ್ಗೆ ಕಟುವಾಗಿ ಮಾತಾಡಿದ್ದರು, ಬೇರೆ ಬಗೆಯ ಸಂಗೀತ ಮಾಡಿಕೊಂಡಿದ್ದರು. 2007ರ ಸುಮಾರಿಗೆ ಹೆಲೋವೀನ್ ಮತ್ತು ಗಾಮಾ ರೇ ಒಟ್ಟಿಗೆ ಪ್ರವಾಸ ಹೋದಾಗ ಹ್ಯಾನ್ಸನ್ ಕೊನೆಯ ಹಾಡುಗಳಿಗೆ ಹಳೆಯ ಗೆಳೆಯರ ವೇದಿಕೆ ಹತ್ತಿದರು. ಮುಂದೆ ಯುನಿಸೋನಿಕ್ ಎಂಬ ತಂಡದಲ್ಲಿ ಹ್ಯಾನ್ಸನ್ ಮತ್ತು ಕಿಸ್ಕೆ ಕೂಡಿದರು. 2017ರ ಅಕ್ಟೋಬರಿನಲ್ಲಿ, ಮೆಕ್ಸಿಕೋದ ಮಾಂಟೆರೇ ನಗರದಿಂದ, ಏಳು ಜನರ ಹೆಲೋವೀನ್ ಪ್ರವಾಸ ಹೊರಟಿತು: ಹ್ಯಾನ್ಸನ್, ಕಿಸ್ಕೆ, ಡೆರಿಸ್, ವೈಕಾಟ್, ಗ್ರೋಸ್ಕಾಪ್ಫ್, ಗಿಟಾರಿನ ಸಾಶಾ ಗೆರ್ಸ್ಟ್ನರ್, ಡ್ರಮ್ಸಿನ ಡಾನಿ ಲೋಬ್ಲೆ. ಯಾರನ್ನೂ ತೆಗೆದು ಯಾರನ್ನೂ ಸೇರಿಸಲಿಲ್ಲ. 24 ವರ್ಷ ಅಭಿಮಾನಿಗಳು ಯಾರು ದೊಡ್ಡವರು ಎಂದು ಕಿತ್ತಾಡಿದ ಇಬ್ಬರು ಗಾಯಕರು ಪಕ್ಕಪಕ್ಕದಲ್ಲಿ ನಿಂತು ಒಂದೇ ಹಾಡಿನ ಸಾಲುಗಳನ್ನು ಹಂಚಿಕೊಂಡು ಹಾಡಿದರು. ಸುಮಾರು ಮೂರು ಗಂಟೆಯ ಕಾರ್ಯಕ್ರಮದಲ್ಲಿ ‘ವಾಲ್ಸ್ ಆಫ್ ಜೆರಿಕೋ’ ಕಾಲದ್ದೂ ಇತ್ತು, ‘ಕೀಪರ್’ ಕಾಲದ್ದೂ ಇತ್ತು, ಡೆರಿಸ್ ಕಾಲದ್ದೂ ಇತ್ತು. ಜನ ಎಲ್ಲದಕ್ಕೂ ಬಾಯಿಗೂಡಿಸಿದರು. ಅಭಿಮಾನಿಗಳ ನಡುವಿನ ಜಗಳ ಅದರಿಂದ ಮುಗಿಯಿತೆಂದಲ್ಲ, ಆದರೆ ಅದರ ಧ್ವನಿ ತಗ್ಗಿತು.

ಆ ಪ್ರವಾಸದ ಒಂದು ಭಾಗವನ್ನು ಅಂದು ಸಭೆಯಲ್ಲಿ ತೋರಿಸಿದೆ. ಡ್ರಮ್ಸಿನ ಏಕವಾದನದ ಹೊತ್ತು. ಹಿಂದಿನ ದೊಡ್ಡ ಪರದೆಯ ಮೇಲೆ ಎಂಬತ್ತರ ದಶಕದ ಇಂಗೊ, ಉದ್ದ ಕೂದಲಿನ ಇಪ್ಪತ್ತರ ಹುಡುಗ, ತನ್ನ ವಾದ್ಯದ ಹಿಂದೆ ಕೂತು ನುಡಿಸುತ್ತಿದ್ದಾರೆ. ಅದರ ಮುಂದೆ, ವೇದಿಕೆಯ ಮೇಲೆ, ಲೋಬ್ಲೆ. ಪರದೆಯಿಂದ ಒಂದು ಪಟ್ಟು ಬರುತ್ತದೆ, ವೇದಿಕೆಯಿಂದ ಅದಕ್ಕೆ ಉತ್ತರ ಹೋಗುತ್ತದೆ; ತನಿ ಆವರ್ತನದಲ್ಲಿ ಮೃದಂಗಕ್ಕೆ ಘಟ ಕೊಡುವ ಉತ್ತರದಂತೆ. ಆಮೇಲೆ ಇಬ್ಬರೂ ಒಟ್ಟಿಗೆ.

2021ರಲ್ಲಿ ಈ ಏಳು ಜನರ ಆಲ್ಬಮ್ ತಂಡದ ಹೆಸರನ್ನೇ ಹೊತ್ತು ಬಂತು, ಜರ್ಮನಿಯ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರ ಕೊನೆಯಲ್ಲಿ ಹ್ಯಾನ್ಸನ್ ಬರೆದ 12 ನಿಮಿಷದ ಹಾಡೊಂದಿದೆ. ಆ ಧ್ವನಿಮುದ್ರಣಕ್ಕೆ ಲೋಬ್ಲೆ ಕೂತದ್ದು ‘ಕೀಪರ್’ ಆಲ್ಬಮ್‌ಗಳಲ್ಲಿ ಇಂಗೊ ನುಡಿಸಿದ್ದ ಡ್ರಮ್ಸಿನ ಮುಂದೆಯೇ. ಹಾಸ್ಟೆಲ್ ಕೋಣೆಯಲ್ಲಿ ಟೇಪು ಮುಗಿದು, ಮುಂದೇನಾಯಿತೆಂದು ತಿಳಿಯದೆ ಹೋದ ಆ 13 ನಿಮಿಷದ ಹಾಡಿನಲ್ಲಿ ನಾನು ಕೇಳಿದ್ದೂ ಅದೇ ವಾದ್ಯವನ್ನು. ಅಂದು ಸಭೆಯ ಕೊನೆಯಲ್ಲಿ ಮೊದಲು ಆ ಹಳೆಯ ಹಾಡಿನ ಉಳಿದ ನಿಮಿಷಗಳನ್ನು, ಆಮೇಲೆ ಈ ಹೊಸ ಹಾಡನ್ನು, ನಡುವೆ ಏನೂ ಮಾತಾಡದೆ ಕೇಳಿಸಿದೆ.